ಟ್ರಾಫಿಕ್ ಇಂಪ್ಯಾಕ್ಟ್ ವರದಿ: ಕೂಡಿದ್ದು ಸರಿ, ಹಾಕಿಕೊಂಡ ಅಂಕಿ ತಪ್ಪು. ಐದಕ್ಕೆ ಎರಡೂವರೆ

ಬೆಂಗಳೂರಿನಲ್ಲಿ ಮಾಲ್, ಟೆಕ್ ಪಾರ್ಕ್, ದೊಡ್ಡ ಹೋಟೆಲ್ ಏಳುವ ಮೊದಲು ಅದರ ಅನುಮತಿ ಕಡತಕ್ಕೆ ಸೇರುವ ಕಾಗದಗಳಲ್ಲಿ ಟ್ರಾಫಿಕ್ ಇಂಪ್ಯಾಕ್ಟ್ ಅಸೆಸ್‌ಮೆಂಟ್ ವರದಿಯೂ ಒಂದು. ಕಟ್ಟಡ ಬಂದರೆ ಮುಂದಿನ ರಸ್ತೆಗೆ ಎಷ್ಟು ಗಾಡಿ ಹೆಚ್ಚುತ್ತದೆ, ರಸ್ತೆ ತಡೆದುಕೊಳ್ಳುತ್ತದೆಯೇ, ಇಲ್ಲದಿದ್ದರೆ ಏನು ಮಾಡಬೇಕು ಎಂದು ಹೇಳುವುದು ಅದರ ಕೆಲಸ. ದುಡ್ಡು ಕೊಟ್ಟು ಮಾಡಿಸುವವರು ಬಿಲ್ಡರ್, ಬರೆದುಕೊಡುವುದು ಕನ್ಸಲ್ಟೆನ್ಸಿ, ನೋಡಿ ಒಪ್ಪುವುದು ಸರ್ಕಾರದ ಸಮಿತಿ. ಅದರ ಫಲ ಉಣ್ಣುವವರು ಮಾತ್ರ ಪಕ್ಕದ ಬೀದಿಯವರು. ಹಾಗಾಗಿ ಈ ವಿಮರ್ಶೆ ಅವರಿಗಾಗಿ: ಇಂಥ ವರದಿಗಳಲ್ಲಿ ಯಾವ ಪುಟ ನಂಬಬಹುದು, ಯಾವುದನ್ನು ಕೆದಕಬೇಕು.

ಮೊದಲು ಇದು ಎಲ್ಲಿ ಬೇಕಾಗುತ್ತದೆ ಎಂಬುದು. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ 20,000 ಚದರ ಮೀಟರ್‌ಗಿಂತ ಹೆಚ್ಚು ಬಿಲ್ಟ್‌ಅಪ್ ಇರುವ ಕಟ್ಟಡಗಳಿಗೆ ಪರಿಸರ ಅನುಮತಿ ಬೇಕು. 1,50,000 ಚದರ ಮೀಟರ್ ದಾಟಿದರೆ ಇನ್ನೂ ಮೇಲಿನ ವರ್ಗ. ಅರ್ಜಿಯನ್ನು ರಾಜ್ಯದ ತಜ್ಞರ ಸಮಿತಿ ನೋಡಿ ಶಿಫಾರಸು ಮಾಡುತ್ತದೆ, ರಾಜ್ಯ ಪರಿಸರ ಪರಿಣಾಮ ಪ್ರಾಧಿಕಾರ ಅನುಮತಿ ಕೊಡುತ್ತದೆ. ಇಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ಗಣಿಗೋ ಸಿಮೆಂಟ್ ಕಾರ್ಖಾನೆಗೋ ನಡೆಯುವಂತೆ ಕಟ್ಟಡ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ಇಲ್ಲ. ಅದೇ ಅಧಿಸೂಚನೆ ಅವಕ್ಕೆ ವಿನಾಯಿತಿ ಕೊಟ್ಟಿದೆ. ಶಾಮಿಯಾನ ಹಾಕಿ ಮೈಕ್ ಕೊಟ್ಟು ಯಾರೂ ನಿಮ್ಮನ್ನು ಕೇಳುವುದಿಲ್ಲ. ಕೈಗೆ ಸಿಗುವುದು ಕಾಗದ ಮಾತ್ರ, ಅದನ್ನೇ ಓದಬೇಕು.

ವರದಿಯ ಆರಂಭದ ಹತ್ತು ಹದಿನೈದು ಪುಟ ಬೆಂಗಳೂರಿನ ಇತಿಹಾಸ, ಹವಾಮಾನ, ಮೆಟ್ರೊ ನಕ್ಷೆ. ಹಾರಿಸಿ.

ಓದಲು ಶುರು ಮಾಡಬೇಕಾದದ್ದು ವಾಹನ ಎಣಿಕೆಯ ಕೋಷ್ಟಕದಿಂದ. ಅದರ ತಲೆಯ ಮೇಲೆ ತಾರೀಖು, ವಾರ, ಸಮಯ, ಎಣಿಸಿದ ಜಾಗ ಇರಲೇಬೇಕು. ಕಚೇರಿ ಕಟ್ಟಡವಾದರೆ ಮಂಗಳವಾರದಿಂದ ಗುರುವಾರದೊಳಗಿನ ಒಂದು ದಿನದ ಬೆಳಗ್ಗೆ, ಸಂಜೆಯ ಎಣಿಕೆ ಸರಿ. ಮಾಲ್‌ಗೆ ಅದೇ ಎಣಿಕೆ ಹಾಕಿದ್ದರೆ ವರದಿಯನ್ನು ಅಲ್ಲಿಗೇ ಮಡಚಿಡಬಹುದು. ಮಾಲ್‌ನ ಪೀಕ್ ಅವರ್ ಶನಿವಾರ, ಭಾನುವಾರದ ಸಂಜೆ. ಏಪ್ರಿಲ್, ಮೇ ರಜೆಯಲ್ಲಿ, ದಸರಾ ರಜೆಯಲ್ಲಿ ಎಣಿಸಿದ್ದರೆ ಶಾಲಾ ಬಸ್ಸು, ಮಕ್ಕಳನ್ನು ಬಿಡುವ ಸ್ಕೂಟರ್ ಯಾವುದೂ ಲೆಕ್ಕಕ್ಕೆ ಬಂದಿರುವುದಿಲ್ಲ. ಎಣಿಕೆ ಹದಿನೈದು ನಿಮಿಷಕ್ಕೊಮ್ಮೆ ಒಡೆದಿರಬೇಕು, ಗಾಡಿಯ ಜಾತಿವಾರು ಇರಬೇಕು, ಹತ್ತಿರದ ಜಂಕ್ಷನ್‌ಗಳಲ್ಲಿ ಎಡಕ್ಕೆ, ಬಲಕ್ಕೆ, ನೇರಕ್ಕೆ ಎಷ್ಟೆಷ್ಟು ಹೋದವು ಎಂಬುದು ಬೇರೆ ಬೇರೆ ಇರಬೇಕು. ಗೇಟಿನ ಮುಂದೆ ಒಂದೇ ಕಡೆ ಎಣಿಸಿ ಮುಗಿಸಿದ್ದರೆ ಅದು ರಸ್ತೆಯ ಎಣಿಕೆ ಆಯಿತೇ ಹೊರತು ಜಂಕ್ಷನ್‌ನ ಅಧ್ಯಯನ ಆಗಲಿಲ್ಲ. ನಗರದ ರಸ್ತೆ ಕಟ್ಟುವುದು ಜಂಕ್ಷನ್‌ನಲ್ಲಿ, ನಡುರಸ್ತೆಯಲ್ಲಲ್ಲ.

ಎಣಿಕೆಯಲ್ಲಿ ಇನ್ನೊಂದು ದೊಡ್ಡ ಮೋಸವಿದೆ, ಅದು ಬೇಕೆಂದು ಮಾಡಿದ್ದೇ ಆಗಬೇಕಿಲ್ಲ. ಜಾಮ್ ಆದ ರಸ್ತೆಯಲ್ಲಿ ನಿಂತು ಎಣಿಸಿದರೆ ಅಂಕಿ ಕಡಿಮೆ ಬರುತ್ತದೆ! ಗಾಡಿಗಳು ತೆವಳುತ್ತಿರುವಾಗ ಗಂಟೆಗೆ ಒಂದು ಗೆರೆ ದಾಟುವ ಗಾಡಿಗಳೂ ಕಡಿಮೆ. ಔಟರ್ ರಿಂಗ್ ರೋಡಿನಲ್ಲಿ ಸಂಜೆ ಏಳಕ್ಕೆ ಎಣಿಸಿ ನೋಡಿದರೆ ಕಾಗದದ ಮೇಲೆ ರಸ್ತೆ ಖಾಲಿ ಇದ್ದಂತೆ ಕಾಣಬಹುದು. ದಾಟಿದ್ದು ಎಷ್ಟು ಎಂದು ಎಣಿಕೆ ಹೇಳುತ್ತದೆ, ದಾಟಲು ಕಾದಿದ್ದು ಎಷ್ಟು ಎಂದು ಹೇಳುವುದಿಲ್ಲ. ಆದ್ದರಿಂದ ಎಣಿಕೆಯ ಜತೆ ಸಿಗ್ನಲ್‌ನಲ್ಲಿ ಸಾಲಿನ ಉದ್ದ ಎಷ್ಟು ಮೀಟರ್, ಒಂದು ಕಿಲೋಮೀಟರ್ ಸಾಗಲು ಎಷ್ಟು ನಿಮಿಷ ಎಂಬ ಎರಡು ಅಳತೆ ಇಲ್ಲದ ವರದಿಯನ್ನು ಸಮಿತಿ ವಾಪಸ್ ಕಳಿಸಬೇಕು. ಕೇಳಬೇಕಾದ ಪ್ರಶ್ನೆಗಳಲ್ಲಿ ಇದಕ್ಕೆ ಮೊದಲ ಜಾಗ.

ಮುಂದಿನದು ಪಿಸಿಯು. ಕಾರನ್ನು 1 ಎಂದು ಹಿಡಿದು ಉಳಿದ ಗಾಡಿಗಳನ್ನು ಕಾರಿನ ಲೆಕ್ಕಕ್ಕೆ ತರುವ ಅಂಕಿ ಇದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1990ರ ಐಆರ್‌ಸಿ 106ರಲ್ಲಿ ಪ್ರತಿ ಗಾಡಿಗೆ ಎರಡು ಬೆಲೆ ಇದೆ: ಒಟ್ಟು ಗಾಡಿಗಳಲ್ಲಿ ಅದರ ಪಾಲು ಶೇ. 5 ಇದ್ದಾಗ ಒಂದು, ಶೇ. 10 ಮತ್ತು ಮೇಲೆ ಇದ್ದಾಗ ಇನ್ನೊಂದು. ಬೈಕ್, ಸ್ಕೂಟರ್‌ಗೆ 0.5 ಮತ್ತು 0.75. ಆಟೊಗೆ 1.2 ಮತ್ತು 2.0. ಬಸ್ಸು, ಲಾರಿಗೆ 2.2 ಮತ್ತು 3.7. ಸಣ್ಣ ಗೂಡ್ಸ್ ಗಾಡಿಗೆ 1.4 ಮತ್ತು 2.0. ಬೆಂಗಳೂರಿನ ಯಾವ ರಸ್ತೆಯಲ್ಲಿ ದ್ವಿಚಕ್ರ ವಾಹನ ಶೇ. 10ಕ್ಕಿಂತ ಕಡಿಮೆ ಇದ್ದಾವು? ಆದರೂ ವರದಿಯಲ್ಲಿ 0.5 ಕಂಡರೆ ಆಶ್ಚರ್ಯಪಡಬೇಡಿ.

ಇದು ಎಷ್ಟು ವ್ಯತ್ಯಾಸ ಮಾಡುತ್ತದೆ ಎಂದು ಒಂದು ಉದಾಹರಣೆ ಕಟ್ಟಿ ನೋಡೋಣ. ನಡುವೆ ಡಿವೈಡರ್ ಇರುವ ನಾಲ್ಕು ಲೇನಿನ ರಸ್ತೆ. ಪೀಕ್ ಅವರ್‌ನಲ್ಲಿ ಎರಡೂ ದಿಕ್ಕು ಸೇರಿ 900 ಕಾರು, 1,600 ಬೈಕ್, 300 ಆಟೊ, 40 ಬಸ್ಸು, 60 ಸಣ್ಣ ಗೂಡ್ಸ್ ಗಾಡಿ ಎಂದಿಟ್ಟುಕೊಳ್ಳಿ. ಬೈಕು, ಆಟೊ ಎರಡರ ಪಾಲೂ ಶೇ. 10 ದಾಟಿದೆ. ಸರಿಯಾದ ಬೆಲೆ ಹಾಕಿದರೆ ಒಟ್ಟು 2,872 ಪಿಸಿಯು. ಕಡಿಮೆ ಬೆಲೆ ಹಾಕಿದರೆ 2,232. ಒಂದು ಗಾಡಿಯೂ ಕದಲದೆ 640 ಮಾಯ.

ಈಗ ಭಾಗಿಸುವ ಅಂಕಿಗೆ, ಅಂದರೆ ರಸ್ತೆ ತಡೆದುಕೊಳ್ಳುವ ಪ್ರಮಾಣಕ್ಕೆ ಬನ್ನಿ. ಗಾಡಿಗಳ ಪಿಸಿಯುವನ್ನು ಇದರಿಂದ ಭಾಗಿಸಿದರೆ ರಸ್ತೆ ಎಷ್ಟು ತುಂಬಿದೆ ಎಂಬ ಅನುಪಾತ ಸಿಗುತ್ತದೆ. ಅದೇ ಐಆರ್‌ಸಿ 106 ರಸ್ತೆಗಳನ್ನು ಮೂರು ವರ್ಗ ಮಾಡುತ್ತದೆ. ಪಕ್ಕದಲ್ಲಿ ಅಂಗಡಿ, ಮನೆಗಳ ಗೇಟಿಲ್ಲದ, ಗಾಡಿ ನಿಲ್ಲಿಸದ, ಅಡ್ಡ ಸಂಚಾರ ತೀರ ಕಡಿಮೆ ಇರುವ ಆರ್ಟೀರಿಯಲ್ ರಸ್ತೆ ಡಿವೈಡರ್ ಸಹಿತ ನಾಲ್ಕು ಲೇನಿದ್ದರೆ ಗಂಟೆಗೆ 3,600 ಪಿಸಿಯು. ಪಕ್ಕದಲ್ಲಿ ಗೇಟುಗಳಿದ್ದು ಅಡ್ಡರಸ್ತೆಗಳು ಹೆಚ್ಚಿರುವ ಸಬ್ ಆರ್ಟೀರಿಯಲ್‌ಗೆ 2,900. ಅಂಗಡಿ ಮುಂದೆ ಗಾಡಿ ನಿಂತು ಜನ ಅಡ್ಡ ದಾಟುವ ಕಲೆಕ್ಟರ್ ರಸ್ತೆಗೆ, ಡಿವೈಡರ್ ಇಲ್ಲದ ನಾಲ್ಕು ಲೇನಿದ್ದರೆ, 1,800. ನಮ್ಮ ಉದಾಹರಣೆಯ ರಸ್ತೆ ಎರಡನೆಯ ವರ್ಗದ್ದು ಎಂದಾದರೆ 2,872 ಭಾಗಿಸು 2,900, ಅಂದರೆ 0.99. ಹೊಸ ಕಟ್ಟಡಕ್ಕೆ ಜಾಗವೇ ಇಲ್ಲ. ಅದನ್ನೇ ಆರ್ಟೀರಿಯಲ್ ಎಂದು ಕರೆದು, ಕಡಿಮೆ ಪಿಸಿಯು ಹಾಕಿದರೆ 2,232 ಭಾಗಿಸು 3,600, ಅಂದರೆ 0.62. ‘ಇನ್ನೂ ಸಾಕಷ್ಟು ಸಾಮರ್ಥ್ಯ ಉಳಿದಿದೆ’ ಎಂಬ ವಾಕ್ಯ ಹುಟ್ಟುವುದು ಹೀಗೆ. ಗುಣಾಕಾರ ಭಾಗಾಕಾರದಲ್ಲಿ ಒಂದು ತಪ್ಪೂ ಇಲ್ಲ.

ಇಲ್ಲಿ ಕನ್ಸಲ್ಟೆಂಟರ ಪರವಾಗಿಯೂ ಒಂದು ಮಾತು ಹೇಳಬೇಕು. ಐಆರ್‌ಸಿ ಕೊಟ್ಟ 2,900 ರಸ್ತೆಯ ಕಟ್ಟಕಡೆಯ ಸಾಮರ್ಥ್ಯವಲ್ಲ. ಸಿ ದರ್ಜೆಯ (ಎ ಎಂದರೆ ಸಲೀಸು, ಎಫ್ ಎಂದರೆ ಪೂರ್ತಿ ಕಟ್ಟಿದ್ದು) ಸಂಚಾರಕ್ಕೆ ವಿನ್ಯಾಸ ಮಾಡುವ ಪ್ರಮಾಣ, ಹೆಚ್ಚುಕಡಿಮೆ ಗರಿಷ್ಠ ಸಾಮರ್ಥ್ಯದ 0.70. ಹಾಗಾಗಿ ಅದರಿಂದ ಭಾಗಿಸಿ 0.99 ಬಂದರೆ ರಸ್ತೆ ನಿಂತುಹೋಗಿದೆ ಎಂದಲ್ಲ, ವಿನ್ಯಾಸದ ಮಿತಿ ಮುಟ್ಟಿದೆ ಎಂದು. ಅನುಪಾತ 0.2ರ ತನಕ ಎ, 0.4ರ ತನಕ ಬಿ, 0.6ರ ತನಕ ಸಿ ಎಂದು ಓದುವ ಕೋಷ್ಟಕ ಇಂಥ ವರದಿಗಳಲ್ಲಿ ಸಾಮಾನ್ಯ. ಆದರೆ ಭಾಗಿಸಿದ್ದು ಯಾವುದರಿಂದ ಎಂದು ಎಷ್ಟೋ ಕಡೆ ಬರೆದೇ ಇರುವುದಿಲ್ಲ. ಆಕ್ಷೇಪಣೆ ಬರೆಯುವವರು ‘ಎಫ್ ದರ್ಜೆ’ ಎಂದು ಕೂಗುವ ಮೊದಲು ಇದನ್ನು ನೋಡಿಕೊಳ್ಳಿ, ಇಲ್ಲದಿದ್ದರೆ ಸಮಿತಿಯ ಮುಂದೆ ಮಾತು ಬಿದ್ದುಹೋಗುತ್ತದೆ. 2017ರಲ್ಲಿ ಬಂದ, ರಸ್ತೆ ಸಾಮರ್ಥ್ಯ ಅಳೆಯುವ ಇಂಡೋ ಎಚ್‌ಸಿಎಂ ಕೈಪಿಡಿ ಬಳಸಿದ್ದರೆ ಅದರ ಪಿಸಿಯು, ಸಾಮರ್ಥ್ಯ ಎರಡೂ ಬೇರೆಯವು. ಬಳಸಲಿ, ತಪ್ಪಿಲ್ಲ. ಪಿಸಿಯು ಒಂದು ಪುಸ್ತಕದ್ದು, ಸಾಮರ್ಥ್ಯ ಇನ್ನೊಂದರದ್ದು ಆಗಿರಬಾರದು ಅಷ್ಟೆ.

ವರದಿಯ ಹೃದಯ ಇರುವುದು ಹೊಸ ಟ್ರಿಪ್‌ಗಳ, ಅಂದರೆ ಕಟ್ಟಡಕ್ಕೆ ಬಂದು ಹೋಗುವ ಗಾಡಿಗಳ, ಲೆಕ್ಕದಲ್ಲಿ, ಮತ್ತು ಅದೇ ಅತಿ ದುರ್ಬಲ ಭಾಗ. ಅಮೆರಿಕದ ಸಾರಿಗೆ ಎಂಜಿನಿಯರುಗಳ ಸಂಸ್ಥೆ ಐಟಿಇಯ ಕೈಪಿಡಿಯ ದರಗಳನ್ನು ಎತ್ತಿ ಹಾಕುವುದು ಒಂದು ದಾರಿ. ಅವು ಬಹುಪಾಲು ಕಾರಿನಲ್ಲೇ ಓಡಾಡುವ ಅಲ್ಲಿನ ಉಪನಗರಗಳ ಅಳತೆ, ಬೈಕು ಆಟೊಗಳ ಊರಿಗೆ ನೇರ ಕೂರುವುದಿಲ್ಲ. ಇನ್ನೊಂದು ದಾರಿ ಪಾರ್ಕಿಂಗ್‌ನಿಂದ ಹಿಂದಕ್ಕೆ ಲೆಕ್ಕ ಹಾಕುವುದು. ಬಿಡಿಎಯ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ‘ಪರಿಷ್ಕೃತ ಮಾಸ್ಟರ್ ಪ್ಲಾನ್ 2015’ರ ನಿಯಮದಲ್ಲಿ ಕಚೇರಿಗೂ ಅಂಗಡಿಗೂ 50 ಚದರ ಮೀಟರಿಗೊಂದು ಕಾರಿನ ಜಾಗ. 40,000 ಚದರ ಮೀಟರ್ ಮಾಲ್‌ಗೆ 800 ಕಾರು. ಇದರಲ್ಲಿ ಶೇ. 15ರಷ್ಟು ಪೀಕ್ ಅವರ್‌ನಲ್ಲಿ ಹೊರಡುತ್ತವೆ ಎಂದು ಊಹಿಸಿ 120 ಟ್ರಿಪ್ ಬರೆದು ಮುಗಿಸಿದರೆ ರಸ್ತೆಗೆ ಏನೂ ಆಗುವುದಿಲ್ಲ, ಕಾಗದದಲ್ಲಿ.

ಅದನ್ನು ಸರಿಯಾಗಿ ಮಾಡುವ ಬಗೆ ಸರಳ. ಮಾಲ್‌ನಲ್ಲಿ ಒಂದು ಕಾರು ಸರಾಸರಿ ಎರಡೂವರೆ ಗಂಟೆ ನಿಲ್ಲುತ್ತದೆ ಎಂದಿಟ್ಟುಕೊಂಡರೆ, ತುಂಬಿದ ಶನಿವಾರ ಸಂಜೆ ಗಂಟೆಗೆ 800 ಭಾಗಿಸು 2.5, ಅಂದರೆ 320 ಕಾರು ಒಳಗೆ, 320 ಹೊರಗೆ. ಒಟ್ಟು 640. ನೂರಿಪ್ಪತ್ತೆಲ್ಲಿ, ಆರುನೂರ ನಲವತ್ತೆಲ್ಲಿ? ಇದಕ್ಕೆ ದ್ವಿಚಕ್ರ ವಾಹನ ಸೇರಿಸಬೇಕು. ಪಾರ್ಕಿಂಗ್‌ಗೆ ಇಳಿಯದೇ ಗೇಟಿನ ಮುಂದೆ ಜನರನ್ನು ಇಳಿಸಿ ಹೋಗುವ ಆಟೊ, ಕ್ಯಾಬ್ ಸೇರಿಸಬೇಕು; ಬರುವುದೊಂದು, ಹೋಗುವುದೊಂದು ಎಂದು ಅವು ತಲಾ ಎರಡು ಟ್ರಿಪ್. ಫುಡ್ ಕೋರ್ಟ್ ಇದ್ದರೆ ಡೆಲಿವರಿ ಹುಡುಗರ ಬೈಕುಗಳು. ಪಾರ್ಕಿಂಗ್ ಲೆಕ್ಕದಿಂದ ಹೊರಟ ವರದಿಯಲ್ಲಿ ಆಟೊ, ಕ್ಯಾಬ್, ಡೆಲಿವರಿ ಬೈಕು ಈ ಮೂರೂ ಇರಲು ಸಾಧ್ಯವೇ ಇಲ್ಲ, ಏಕೆಂದರೆ ಅವಕ್ಕೆ ಪಾರ್ಕಿಂಗ್ ಬೇಕಿಲ್ಲ.

ಕಳೆಯುವ ಅಂಕಿಗಳೂ ಇರುತ್ತವೆ. ಹೇಗೂ ಆ ರಸ್ತೆಯಲ್ಲಿ ಹೋಗುತ್ತಿದ್ದವರು ದಾರಿಯಲ್ಲಿ ಮಾಲ್‌ಗೆ ಹೊಕ್ಕು ಹೋಗುತ್ತಾರೆ, ಅವರು ಹೊಸ ಗಾಡಿಯಲ್ಲ ಎಂಬ ವಾದ ನ್ಯಾಯವೇ. ಆದರೆ ಅವರೂ ಗೇಟಿನಲ್ಲಿ ತಿರುಗಲೇಬೇಕು. ರಸ್ತೆಯ ಲೆಕ್ಕದಿಂದ ಕಳೆಯಲಿ, ಗೇಟಿನ ಲೆಕ್ಕದಿಂದ ಕಳೆಯಬಾರದು. ಮೆಟ್ರೊ ಇದೆ ಎಂದು ಶೇ. 30, 40 ಕಳೆದಿದ್ದರೆ ಸ್ಟೇಷನ್ನಿನಿಂದ ಗೇಟಿಗೆ ನಡೆದು ಹೋಗುವ ದಾರಿ ನೋಡಿ. ಮಲ್ಲೇಶ್ವರದ ಸಂಪಿಗೆ ರಸ್ತೆ ಮಾಲ್‌ನಂತೆ ಸ್ಟೇಷನ್ ಪಕ್ಕಕ್ಕೇ ಅಂಟಿಕೊಂಡಿದ್ದರೆ ಒಂದು ಮಾತು; ಒಂದೂವರೆ ಕಿಲೋಮೀಟರ್ ದೂರ, ನಡುವೆ ಫುಟ್‌ಪಾತೇ ಇಲ್ಲ, ಲೈನ್ ಇನ್ನೂ ಕಟ್ಟುತ್ತಿದ್ದಾರೆ ಎಂದರೆ ಇನ್ನೊಂದು ಮಾತು.

ಈಗ ಗೇಟು. ನನ್ನ ಲೆಕ್ಕದಲ್ಲಿ ಇಡೀ ವರದಿಯಲ್ಲಿ ಅತಿ ಹೆಚ್ಚು ಬೆಲೆ ಬಾಳಬೇಕಾದ ಪುಟ ಇದು, ಎಷ್ಟೋ ವರದಿಗಳಲ್ಲಿ ಇಲ್ಲದ ಪುಟವೂ ಇದೇ. ಮಾಲ್ ಗೇಟಿನಲ್ಲಿ ಏನೇನಾಗುತ್ತದೆ ನೋಡಿ: ಕಾರು ನಿಲ್ಲುತ್ತದೆ, ಸೆಕ್ಯುರಿಟಿಯವರು ಕನ್ನಡಿ ಗಾಡಿಯನ್ನು ತಳಕ್ಕೆ ತಳ್ಳುತ್ತಾರೆ, ಡಿಕ್ಕಿ ತೆಗೆಸಿ ಮುಚ್ಚುತ್ತಾರೆ, ಟಿಕೆಟ್ ಬರುತ್ತದೆ, ಬೂಮ್ ಏಳುತ್ತದೆ. ಒಂದು ಕಾರಿಗೆ 18 ಸೆಕೆಂಡ್ ಹಿಡಿದರೆ ಒಂದು ಲೇನಿನಲ್ಲಿ ಗಂಟೆಗೆ 200 ಕಾರು. ಬರುವುದು 320. ಒಂದೇ ಲೇನಿದ್ದರೆ ಗಂಟೆ ಮುಗಿಯುವಾಗ 120 ಕಾರು ಹೊರಗೆ. ಕಾರಿಗೆ 6 ಮೀಟರ್ ಎಂದರೆ 720 ಮೀಟರ್ ಸಾಲು. ಆ ಸಾಲು ನಿಲ್ಲುವುದು ರಸ್ತೆಯ ಎಡ ಲೇನಿನಲ್ಲಿ. ಎರಡು ಲೇನ್ ಮಾಡಿದರೆ 400 ಆಯಿತು, ಸಾಕಲ್ಲ ಎನ್ನಿಸಬಹುದು. ಪೂರ್ತಿ ಸಾಲದು: ಹಿಂದಿನ ಸಿಗ್ನಲ್ ಬಿಟ್ಟಾಗ ಕಾರುಗಳು ಗುಂಪಾಗಿ ಬರುತ್ತವೆ, ಆದ್ದರಿಂದ ಲೇನಿಗೆ ಎಂಟು ಹತ್ತು ಕಾರಿನ ಸಾಲು ಆಗಾಗ ಕಟ್ಟುತ್ತದೆ. ಅಷ್ಟಕ್ಕೆ 50, 60 ಮೀಟರ್ ಜಾಗ ಗೇಟಿನ ಒಳಗೆ ಬೇಕು. ನಕ್ಷೆಯಲ್ಲಿ ಬೂಮ್ ಬ್ಯಾರಿಯರ್ ಕಾಂಪೌಂಡಿನಿಂದ 12 ಮೀಟರ್ ಒಳಗಿದ್ದರೆ ಹಿಡಿಯುವುದು ಎರಡೇ ಕಾರು. ಇದಕ್ಕೆ ಪರಿಹಾರ ಅಗ್ಗದ್ದು: ಬೂಮನ್ನೂ ತಪಾಸಣೆಯನ್ನೂ ರ‍್ಯಾಂಪಿನ ಕೆಳಗೆ, ಬೇಸ್‌ಮೆಂಟಿಗೆ ಒಯ್ಯುವುದು, ಟಿಕೆಟ್ಟಿನ ಬದಲು ಫಾಸ್ಟ್ಯಾಗ್ ಓದುವುದು. ಕಟ್ಟುವ ಮೊದಲು ಇದು ನಕ್ಷೆಯಲ್ಲಿ ಒಂದು ಗೆರೆ ಬದಲಿಸುವ ಕೆಲಸ. ಕಟ್ಟಿದ ಮೇಲೆ ಸ್ಲ್ಯಾಬ್ ಒಡೆಯುವ ಕೆಲಸ. ಪಾರ್ಕಿಂಗ್ ತುಂಬಿದಾಗ ಏನು ಮಾಡುತ್ತಾರೆ ಎಂಬುದೂ ಬರೆದಿರಬೇಕು. ಗೇಟಿನಲ್ಲಿ ಗಾರ್ಡ್ ಕೈ ಅಡ್ಡ ಹಿಡಿದು ‘ಫುಲ್ ಸಾರ್’ ಎನ್ನುವುದು ಯೋಜನೆಯಲ್ಲ. ಅಷ್ಟರಲ್ಲಿ ಹಿಂದೆ ನೂರು ಕಾರು ನಿಂತಿರುತ್ತವೆ. ಎಷ್ಟು ಜಾಗ ಖಾಲಿ ಎಂದು ತೋರಿಸುವ ಬೋರ್ಡು ಹಿಂದಿನ ಜಂಕ್ಷನ್‌ನಲ್ಲೇ ಇರಬೇಕು.

ಬಲ ತಿರುವು ತಪ್ಪಿಸಲು ‘ಎಡಕ್ಕೆ ಒಳಗೆ, ಎಡಕ್ಕೆ ಹೊರಗೆ’ ಎಂದು ಬರೆಯುವುದು ರೂಢಿ, ಒಳ್ಳೆಯದೇ. ಆದರೆ ಆಚೆ ದಿಕ್ಕಿನಿಂದ ಬರುವವರು ಮುಂದೆ ಹೋಗಿ ಯು ಟರ್ನ್ ಹೊಡೆದು ಬರುತ್ತಾರೆ. ಆ ಯು ಟರ್ನ್ ಜಾಗದ ಎಣಿಕೆ ವರದಿಯಲ್ಲಿ ಇಲ್ಲದಿದ್ದರೆ ತೊಂದರೆಯನ್ನು 700 ಮೀಟರ್ ಆಚೆಗೆ ಸಾಗಿಸಿದಂತಾಯಿತು ಅಷ್ಟೆ.

ಕೊನೆಯ ಅಧ್ಯಾಯ ಪರಿಹಾರ ಕ್ರಮಗಳದ್ದು. ಇದನ್ನು ಪೆನ್ಸಿಲ್ ಹಿಡಿದು ಓದಿ, ಪ್ರತಿ ಸಾಲಿನ ಮುಂದೆ ‘ಯಾರು, ಯಾರ ದುಡ್ಡಲ್ಲಿ, ಯಾವಾಗ’ ಎಂದು ಬರೆಯಿರಿ. ರಸ್ತೆ ಅಗಲೀಕರಣ, ಫ್ಲೈಓವರ್, ಮೆಟ್ರೊ ವಿಸ್ತರಣೆ ಎಲ್ಲ ಸರ್ಕಾರದ ತಲೆಗೆ ಕಟ್ಟಿದ್ದರೆ ಬಿಲ್ಡರ್ ಮಾಡುವುದು ಏನೂ ಇಲ್ಲ ಎಂದರ್ಥ. ನಿಜವಾದ ಪರಿಹಾರ ಬಿಲ್ಡರ್‌ನ ಸ್ವಂತ ಜಾಗದಲ್ಲಿ ಆಗುವಂಥದ್ದು: ಸೆಟ್‌ಬ್ಯಾಕ್‌ನಿಂದ ಬಿಟ್ಟುಕೊಟ್ಟ ವೇಗ ತಗ್ಗಿಸುವ ಲೇನ್, ಆಟೊ ಕ್ಯಾಬ್‌ಗೆ ಒಳಗಡೆಯೇ ಪ್ರತ್ಯೇಕ ಬೇ, ಸರಕು ಲಾರಿಗೆ ರಾತ್ರಿ ಸಮಯ ಮತ್ತು ಒಳಗೇ ತಿರುಗಲು ಜಾಗ, ಗೇಟಿನ ಅಡ್ಡ ಎತ್ತರ ಕಳೆದುಕೊಳ್ಳದೆ ಸಾಗುವ ಫುಟ್‌ಪಾತ್.

ಇಷ್ಟೆಲ್ಲ ಸಡಿಲವಿದ್ದರೆ ಸಮಿತಿ ಏನು ಮಾಡುತ್ತದೆ? ಅನುಮತಿ ಪತ್ರಗಳಲ್ಲಿ ಹಾಕುವ ಷರತ್ತುಗಳು ಕಾಗದದ ಮೇಲೆ ಬಿಗಿಯಾಗಿವೆ. ಪಾರ್ಕಿಂಗ್ ಪೂರ್ತಿ ಒಳಗೇ ಆಗಬೇಕು, ಸಾರ್ವಜನಿಕ ಜಾಗ ಬಳಸಬಾರದು, ಪ್ರವೇಶ ನಿರ್ಗಮನದಲ್ಲಿ ದಟ್ಟಣೆ ಆಗಬಾರದು ಎಂಬುದು ಹಳೆಯ ಷರತ್ತು. ಸುತ್ತ 5 ಕಿಲೋಮೀಟರ್ ವ್ಯಾಪ್ತಿಯಲ್ಲಿ ಬರಲಿರುವ ಎಲ್ಲ ಯೋಜನೆಗಳ ಒಟ್ಟು ಪರಿಣಾಮ ಲೆಕ್ಕ ಹಾಕಿ, ಈಗಿನ ಸಂಚಾರ ಮಟ್ಟ ಕೆಡದಂತೆ ಯೋಜನೆ ಮಾಡಿ, ಅದನ್ನು ಸಂಬಂಧಪಟ್ಟ ಇಲಾಖೆಯಿಂದ ದೃಢೀಕರಿಸಬೇಕು ಎಂಬ ಷರತ್ತೂ ಬರುತ್ತದೆ. ಆದರೆ ಇದು ಅನುಮತಿ ಕೊಟ್ಟ ಮೇಲಿನ ಷರತ್ತು. ಅಷ್ಟು ಹೊತ್ತಿಗೆ ಗೇಟು ನಕ್ಷೆಯಲ್ಲಿ ಕೂತಾಗಿದೆ. ಅಲ್ಲಿಯವರೆಗೆ ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ.

ತಡವಾದರೆ ಏನಾಗುತ್ತದೆ ಎಂಬುದಕ್ಕೆ ಸಾರ್ವಜನಿಕ ದಾಖಲೆಯಲ್ಲೇ ಉದಾಹರಣೆ ಇದೆ. ಬಳ್ಳಾರಿ ರಸ್ತೆಯ ಫೀನಿಕ್ಸ್ ಮಾಲ್ ಆಫ್ ಏಷ್ಯಾ 2023ರ ಅಕ್ಟೋಬರಿನಲ್ಲಿ ತೆರೆಯಿತು. ಅದೇ ಡಿಸೆಂಬರ್ ಕೊನೆಗೆ ನಗರ ಪೊಲೀಸ್ ಆಯುಕ್ತರು ಸಂಚಾರ ದಟ್ಟಣೆ ಮುಂತಾದ ಕಾರಣ ಕೊಟ್ಟು, ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 144ನೇ ಸೆಕ್ಷನ್ ಅಡಿ ಡಿಸೆಂಬರ್ 31ರಿಂದ ಜನವರಿ 15ರವರೆಗೆ ಸಾರ್ವಜನಿಕರ ಪ್ರವೇಶ ನಿರ್ಬಂಧಿಸುವ ಆದೇಶ ಹೊರಡಿಸಿದರು. ಮಾಲ್‌ನವರು ಹೈಕೋರ್ಟಿಗೆ ಹೋಗಿ ಮಧ್ಯಂತರ ಪರಿಹಾರ ಪಡೆದರು. ಸರಿ ತಪ್ಪು ಯಾರದ್ದು ಎಂಬ ಚರ್ಚೆ ಬೇರೆ. ಗಲಭೆಯಂಥ ತುರ್ತು ಅಪಾಯ ತಡೆಯಲು ಇದ್ದ ಕಾನೂನನ್ನು ಪಾರ್ಕಿಂಗ್ ಸಾಲಿಗೆ ಬಳಸಬೇಕಾಯಿತು ಎಂದರೆ ಮೊದಲಿನ ಹಂತಗಳ ಪರಿಶೀಲನೆ ತನ್ನ ಕೆಲಸ ಪೂರ್ತಿ ಮಾಡಿರಲಿಲ್ಲ ಎಂದೇ ಓದಬೇಕು.

ನಿಮ್ಮ ಬಡಾವಣೆಯ ಪಕ್ಕ ಯೋಜನೆ ಬರುತ್ತಿದ್ದರೆ ಪರಿಸರ ಅನುಮತಿ ಅರ್ಜಿಗಳ ಸರ್ಕಾರಿ ತಾಣವಾದ ಪರಿವೇಶ್ ಪೋರ್ಟಲ್‌ನಲ್ಲಿ ಹುಡುಕಿ. ಅರ್ಜಿಯ ಫಾರ್ಮ್, ಪರಿಕಲ್ಪನಾ ನಕ್ಷೆ ಅಲ್ಲಿ ಸಿಗುತ್ತವೆ. ಟ್ರಾಫಿಕ್ ವರದಿ ಅನುಬಂಧದಲ್ಲಿ ಇಲ್ಲದಿದ್ದರೆ ಮಾಹಿತಿ ಹಕ್ಕಿನಡಿ ಕೇಳಿ. ತಜ್ಞರ ಸಮಿತಿಯ ಸಭೆಯ ಅಜೆಂಡಾ ನೋಡುತ್ತಿರಿ, ಸಭೆಗೆ ಮೊದಲೇ ಸದಸ್ಯ ಕಾರ್ಯದರ್ಶಿಗೆ ಎರಡು ಪುಟದ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಎರಡೇ ಪುಟ. ‘ನಮ್ಮ ಏರಿಯಾದಲ್ಲಿ ಈಗಲೇ ಟ್ರಾಫಿಕ್ ಜಾಸ್ತಿ’ ಎಂಬ ಸಾಲಿಗೆ ಬೆಲೆ ಇಲ್ಲ. ‘ಪುಟ ಇಷ್ಟರಲ್ಲಿ ಬೈಕಿನ ಪಾಲು ಶೇ. 55 ಎಂದಿದೆ, ಆದರೂ ಪಿಸಿಯು 0.5 ಹಾಕಿದೆ, 0.75 ಹಾಕಿದರೆ ಅನುಪಾತ ಇಷ್ಟಾಗುತ್ತದೆ’ ಎಂಬ ಸಾಲಿಗೆ ಉತ್ತರ ಕೊಡಲೇಬೇಕಾಗುತ್ತದೆ. ಅನುಮತಿ ಬಂದ ಮೇಲೆ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಲು 30 ದಿನ. ಸಕಾರಣ ತೋರಿಸಿದರೆ ಇನ್ನು 60 ದಿನ, ಅದರಾಚೆಗಿಲ್ಲ. ಹಾಗಾಗಿ ಅನುಮತಿ ಪತ್ರ ಪೋರ್ಟಲ್‌ಗೆ ಏರಿದ ದಿನದಿಂದಲೇ ದಿನ ಎಣಿಸಿ.

ಅಂಕ ಕೊಡುವುದಾದರೆ: ಎಣಿಕೆಗೆ ಒಂದು, ಲೆಕ್ಕದ ಶಿಸ್ತಿಗೆ ಒಂದು, ಪರಿಹಾರ ಅಧ್ಯಾಯಕ್ಕೆ ಅರ್ಧ. ಟ್ರಿಪ್ ಲೆಕ್ಕಕ್ಕೂ ಗೇಟಿಗೂ ಸದ್ಯಕ್ಕೆ ಸೊನ್ನೆ. ಗೇಟಿನ ಸಾಲಿನ ಲೆಕ್ಕ, ಶನಿವಾರದ ಎಣಿಕೆ, ಯು ಟರ್ನ್ ಜಾಗದ ಎಣಿಕೆ ಈ ಮೂರೂ ಇರುವ ವರದಿ ಸಿಕ್ಕರೆ ನಾಲ್ಕು ಕೊಡಲು ಅಡ್ಡಿಯಿಲ್ಲ. ಅನುಮತಿಯ ನಂತರ ವರ್ಷಕ್ಕೆ ಎರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ, ಬಿಲ್ಡರ್ ಷರತ್ತು ಪಾಲನೆಯ ವರದಿ ಕೊಡಬೇಕು. ಅದರಲ್ಲಿ ಪಾರ್ಕಿಂಗ್, ಪ್ರವೇಶ ದ್ವಾರದ ಸಾಲುಗಳಷ್ಟನ್ನೇ ಓದಿದರೂ ಸಾಕು. ಕಟ್ಟಡಕ್ಕೆ ವಾಸಯೋಗ್ಯ ಪ್ರಮಾಣಪತ್ರ ಸಿಗುವ ಮೊದಲು ಒಂದು ಟೇಪ್ ಹಿಡಿದು ಫುಟ್‌ಪಾತಿನ ಅಂಚಿನಿಂದ ಬೂಮ್‌ವರೆಗೆ ಅಳೆಯಿರಿ. ನಕ್ಷೆಯಲ್ಲಿ 60 ಮೀಟರ್ ಇದ್ದದ್ದು ನೆಲದ ಮೇಲೆ 12 ಆಗಿದ್ದರೆ ಫೋಟೊ ಸಮೇತ ಪಾಲಿಕೆಗೂ ಪ್ರಾಧಿಕಾರಕ್ಕೂ ಬರೆಯಲು ಅದೇ ತಕ್ಕ ಸಮಯ. ಪ್ರಮಾಣಪತ್ರ ಕೈಗೆ ಬಂದ ಮೇಲೆ ಬೂಮನ್ನು ಒಳಗೆ ಸರಿಸಲು ಬಿಲ್ಡರ್‌ಗೆ ಯಾವ ಅವಸರವೂ ಇರುವುದಿಲ್ಲ.